ಪೈಥಾನ್ ಫಂಕ್ಷನ್‌ಗೆ ತಪ್ಪು ಬಗೆಯ ಆರ್ಗ್ಯುಮೆಂಟ್ ಬಂದಾಗ: ದೋಷದ ಪತ್ತೆ ಮತ್ತು ನಿವಾರಣೆ

ಪೈಥಾನ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್ ಹಲವು ತಿಂಗಳು ಸರಿಯಾಗಿ ನಡೆದು ಒಂದು ದಿನ ‘ಟೈಪ್‌ಎರರ್’ (ಮೌಲ್ಯದ ಬಗೆ ಹೊಂದುವುದಿಲ್ಲ ಎಂಬ ದೋಷ) ಎಂದು ನಿಂತುಬಿಟ್ಟರೆ, ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಟ್ರೇಸ್‌ಬ್ಯಾಕ್‌ನ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂದು ದೋಷ ಬಂದಾಗ ಪೈಥಾನ್ ತೋರಿಸುವ ಪಟ್ಟಿಯ) ಕೊನೆಯಲ್ಲಿ ಕಾಣುವ ಸಾಲಿಗೆ ಹೋಗಿ, ಅಲ್ಲಿರುವ ಮೌಲ್ಯವನ್ನು ‘ಇಂಟ್’ (ಪೂರ್ಣಾಂಕ) ಅಥವಾ ‘ಫ್ಲೋಟ್’ನಿಂದ (ದಶಮಾಂಶ ಸಂಖ್ಯೆ) ಪರಿವರ್ತಿಸಿ ಮುಂದೆ ಸಾಗುವುದು. ಸಂದೇಶ ಅಷ್ಟಕ್ಕೇ ಮಾಯವಾಗುತ್ತದೆ, ದೋಷ ಉಳಿದುಕೊಳ್ಳುತ್ತದೆ. ಟ್ರೇಸ್‌ಬ್ಯಾಕ್ ತೋರಿಸುವುದು ತಪ್ಪು ಬಗೆಯ ಮೌಲ್ಯ ಸಿಕ್ಕಿಬಿದ್ದ ಜಾಗವನ್ನು; ಅದು ಒಳಗೆ ಬಂದ ಬಾಗಿಲು ಎರಡು ಮೂರು ಫಂಕ್ಷನ್‌ಗಳಷ್ಟು ಹಿಂದೆ ಇರಬಹುದು. ಆ ಬಾಗಿಲನ್ನು ಹುಡುಕುವುದು ಹೇಗೆ, ಸಿಕ್ಕ ಮೇಲೆ ಅಲ್ಲಿ ಎಂಥ ತಪಾಸಣೆ ಇಡಬೇಕು ಎಂಬುದೇ ಈ ಕೈಪಿಡಿಯ ವಿಷಯ. ಇಲ್ಲಿ ಹೇಳಿರುವುದೆಲ್ಲ ಪೈಥಾನ್ 3ಕ್ಕೆ ಅನ್ವಯಿಸುತ್ತದೆ.

ಲಕ್ಷಣ

ಹಾಲು ಉತ್ಪಾದಕರ ಸಂಘದ ಬಟವಾಡೆ ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸದಸ್ಯರು ಹಾಕಿದ ಹಾಲಿನ ಹಣದಲ್ಲಿ, ಅವರು ಸಾಲವಾಗಿ ಒಯ್ದ ಪಶು ಆಹಾರದ ಮೂಟೆಗಳ ಹಣವನ್ನು ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. ಇದಕ್ಕೆ ‘ಕಡಿತ’ ಎಂಬ ಫಂಕ್ಷನ್ ಇದೆ. ಅದು ಮೂಟೆಯ ಬೆಲೆ ಮತ್ತು ಮೂಟೆಗಳ ಸಂಖ್ಯೆ ಎಂಬ ಎರಡು ಆರ್ಗ್ಯುಮೆಂಟ್‌ಗಳನ್ನು (ಕರೆಯುವಾಗ ಫಂಕ್ಷನ್‌ಗೆ ಕೊಡುವ ಮೌಲ್ಯಗಳನ್ನು) ಪಡೆದು, ಗುಣಿಸಿ, ಬಂದದ್ದನ್ನು ಹಿಂದಿರುಗಿಸುತ್ತದೆ. ‘ಬಟವಾಡೆ’ ಎಂಬ ಇನ್ನೊಂದು ಫಂಕ್ಷನ್ ಹಾಲಿನ ಹಣದಿಂದ ಆ ಕಡಿತವನ್ನು ಕಳೆಯುತ್ತದೆ. (ಪೈಥಾನ್ 3ರಲ್ಲಿ ಫಂಕ್ಷನ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಆದರೆ ಒತ್ತಕ್ಷರವಾಗದಂತೆ ತಡೆಯಲು ನಾವು ಬಳಸುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಗುರುತು ಹೆಸರಿನೊಳಗೆ ಸೇರಿದರೆ ಸ್ಕ್ರಿಪ್ಟ್ ಓಡುವುದೇ ಇಲ್ಲ.)

ಇಲ್ಲಿಯವರೆಗೆ ಮೂಟೆಯ ಬೆಲೆ 1250 ಎಂದು ಸ್ಕ್ರಿಪ್ಟ್‌ನೊಳಗೇ ಸಂಖ್ಯೆಯಾಗಿ ಬರೆದಿತ್ತು. ಬೆಲೆ ಆಗಾಗ ಬದಲಾಗುತ್ತದೆಂದು ಅದನ್ನು ಒಂದು ಸಿಎಸ್‌ವಿ (ಮನೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಫೈಲಿಗೆ ಸಾಗಿಸಿದರು. ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಸಾಮಾನ್ಯ ಬಳಕೆಯಲ್ಲಿ ಪ್ರತಿ ಮನೆಯನ್ನೂ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿಯೇ ಕೊಡುತ್ತದೆ. ಅಲ್ಲಿ ಅಂಕಿಗಳಿದ್ದರೂ ಸರಿಯೇ. ಮೂಟೆಗಳ ಸಂಖ್ಯೆ ಮಾತ್ರ ‘ಲೆನ್’ ಮೂಲಕ ಎಣಿಸಿ ಬಂದದ್ದರಿಂದ ಪೂರ್ಣಾಂಕವಾಗಿಯೇ ಉಳಿಯಿತು. ಹೀಗೆ ‘ಕಡಿತ’ಕ್ಕೆ ಒಂದು ಸ್ಟ್ರಿಂಗ್, ಒಂದು ಪೂರ್ಣಾಂಕ ಹೋದವು.

ಇಲ್ಲಿ ಪೈಥಾನ್ ತಕರಾರು ತೆಗೆಯುವುದಿಲ್ಲ ಎಂಬುದೇ ಗಮನಿಸಬೇಕಾದ ಸಂಗತಿ. ಸ್ಟ್ರಿಂಗ್ ಅನ್ನು ಪೂರ್ಣಾಂಕದಿಂದ ಗುಣಿಸುವುದಕ್ಕೆ ಈ ಭಾಷೆಯಲ್ಲಿ ಸ್ವಂತ ಅರ್ಥವಿದೆ: ಆ ಸ್ಟ್ರಿಂಗ್ ಅಷ್ಟು ಸಲ ಮರುಕಳಿಸುತ್ತದೆ. ಆದ್ದರಿಂದ '1250' ಅನ್ನು 2ರಿಂದ ಗುಣಿಸಿದರೆ '12501250' ಬರುತ್ತದೆ. ಜಾವಾಸ್ಕ್ರಿಪ್ಟ್, ಲುವಾ, ಪಿಎಚ್‌ಪಿ ಮೂರರಲ್ಲೂ ಇದೇ ಗುಣಾಕಾರಕ್ಕೆ 2500 ಎಂಬ ಸಂಖ್ಯೆಯೇ ಸಿಗುತ್ತದೆ. ಆ ಭಾಷೆಗಳಿಂದ ಬಂದವರು ಪೈಥಾನ್‌ನಲ್ಲಿ ಎಡವುವುದು ಬಹುಮಟ್ಟಿಗೆ ಇಲ್ಲೇ. ‘ಕಡಿತ’ ಏನೂ ಆಗದಂತೆ ಮುಗಿದು, ದೋಷ ತಲೆ ಎತ್ತುವುದು ‘ಬಟವಾಡೆ’ಯಲ್ಲಿ: ಹಾಲಿನ ಹಣ 3860.5 ಎಂಬ ಫ್ಲೋಟ್‌ನಿಂದ ಒಂದು ಸ್ಟ್ರಿಂಗ್ ಅನ್ನು ಕಳೆಯಲು ಹೋದಾಗ, ‘ಫ್ಲೋಟ್ ಮತ್ತು ಸ್ಟ್ರ್ ಬಗೆಗಳ ನಡುವೆ ಕಳೆಯುವ ಕ್ರಿಯೆ ಇಲ್ಲ’ ಎಂಬ ಅರ್ಥದ ಸಂದೇಶ ಬರುತ್ತದೆ.

ಈಗ ಆ ಸಾಲಿನಲ್ಲೇ ಕಡಿತವನ್ನು ಫ್ಲೋಟ್ ಆಗಿ ಪರಿವರ್ತಿಸಿದರೆ ಏನಾಗುತ್ತದೆಂದು ನೋಡಿ. ಒಂದೇ ಮೂಟೆ ಒಯ್ದವರ ಲೆಕ್ಕ ಪೂರ್ತಿ ಸರಿಯಾಗಿ ಬರುತ್ತದೆ, ಏಕೆಂದರೆ '1250' ಒಂದು ಸಲ ಮರುಕಳಿಸಿದರೆ '1250' ಆಗಿಯೇ ಇರುತ್ತದೆ. ಎರಡು ಮೂಟೆ ಒಯ್ದವರ ಹೆಸರಿನಲ್ಲಿ 1,25,01,250 ರೂಪಾಯಿ ಕಡಿತವಾಗುತ್ತದೆ. ಮೊದಲು ಸ್ಕ್ರಿಪ್ಟ್ ನಿಂತಿತ್ತು. ಈಗ ಅದು ನಿಲ್ಲದೆ ತಪ್ಪು ಲೆಕ್ಕ ಮುದ್ರಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಮೊದಲಿನದಕ್ಕಿಂತ ಕೆಟ್ಟ ಸ್ಥಿತಿ. ಕೆಲವು ಸಾಲುಗಳು ಮಾತ್ರ ತಪ್ಪಾಗಿ, ಉಳಿದವು ಸರಿಯಾಗಿ ಬರುತ್ತಿದ್ದರೆ, ತಪ್ಪಾದ ಸಾಲುಗಳಲ್ಲಿ ಸಮಾನವಾದದ್ದು ಏನೆಂದು ಮೊದಲು ಕೇಳಬೇಕು. ಇಲ್ಲಿ ಉತ್ತರ ‘ಸಂಖ್ಯೆ ಒಂದಕ್ಕಿಂತ ಹೆಚ್ಚು’ ಎಂದಾದರೆ, ಗುಣಾಕಾರದ ಒಂದು ಬದಿಯಲ್ಲಿ ಸ್ಟ್ರಿಂಗ್ ಇದೆಯೆಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು.

ಪತ್ತೆ ಮಾಡುವ ಕ್ರಮ

ಮೊದಲು ಸಂದೇಶವನ್ನು ಪೂರ್ತಿ ಓದಬೇಕು. ಟೈಪ್‌ಎರರ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ದೋಷಗಳು ಬರುತ್ತವೆ. ‘ಒಂದು ಆರ್ಗ್ಯುಮೆಂಟ್ ಬೇಕಿತ್ತು, ಎರಡು ಕೊಡಲಾಗಿದೆ’ ಎಂಬಂಥದ್ದು ಎಣಿಕೆಯ ದೋಷ. ಕ್ಲಾಸ್‌ನೊಳಗಿನ ಫಂಕ್ಷನ್‌ಗೆ ‘ಸೆಲ್ಫ್’ ಬರೆಯಲು ಮರೆತಾಗ ಇದು ಸಾಮಾನ್ಯ. ಅದಕ್ಕೆ ಮುಂದಿನ ಕ್ರಮ ಬೇಕಾಗಿಲ್ಲ. ಸಂದೇಶದಲ್ಲಿ ಬಗೆಗಳ ಹೆಸರು ಬಂದಿದ್ದರೆ ಮಾತ್ರ ಅದು ಬಗೆಯ ದೋಷ, ಮತ್ತು ಆ ಹೆಸರೇ ಅರ್ಧ ಉತ್ತರವನ್ನು ಹೇಳಿಬಿಡುತ್ತದೆ. ‘ಸ್ಟ್ರ್’ ಎಂದಿದ್ದರೆ ಮೌಲ್ಯವು ಫೈಲು, ಕೀಲಿಮಣೆ ಅಥವಾ ಆಜ್ಞಾಸಾಲಿನಿಂದ ಪರಿವರ್ತನೆಯಾಗದೆ ಬಂದಿರುವ ಸಂಭವ ಹೆಚ್ಚು. ‘ಇನ್‌ಪುಟ್’ ಫಂಕ್ಷನ್ ಕೂಡ ಯಾವಾಗಲೂ ಸ್ಟ್ರಿಂಗ್ ಅನ್ನೇ ಕೊಡುತ್ತದೆ. ‘ನನ್‌ಟೈಪ್’ ಎಂದಿದ್ದರೆ ಯಾವುದೋ ಫಂಕ್ಷನ್‌ನಲ್ಲಿ ‘ರಿಟರ್ನ್’ ಮರೆತಿದೆ, ಇಲ್ಲವೇ ಲಿಸ್ಟ್‌ನ ‘ಸಾರ್ಟ್’ ಕೊಟ್ಟದ್ದನ್ನು ಹೆಸರಿಗೆ ಹಾಕಿಕೊಳ್ಳಲಾಗಿದೆ. ಅದು ಲಿಸ್ಟ್ ಅನ್ನು ಇದ್ದಲ್ಲೇ ವಿಂಗಡಿಸಿ ‘ನನ್’ ಎಂಬ ಖಾಲಿ ಮೌಲ್ಯವನ್ನು ಕೊಡುತ್ತದೆ. ‘ಫಂಕ್ಷನ್’ ಅಥವಾ ‘ಮೆಥಡ್’ ಎಂಬ ಬಗೆ ಕಂಡರೆ ಕರೆಯುವಾಗ ಆವರಣ ಚಿಹ್ನೆ ಬಿಟ್ಟುಹೋಗಿ, ಫಲಿತಾಂಶದ ಬದಲು ಫಂಕ್ಷನ್ನೇ ಆರ್ಗ್ಯುಮೆಂಟ್ ಆಗಿ ಹೋಗಿದೆ.

ಎರಡನೆಯದು, ಮೌಲ್ಯವನ್ನು ‘ಪ್ರಿಂಟ್’ ಮಾಡಿ ನೋಡುವಾಗ ಎಚ್ಚರ ವಹಿಸಬೇಕು. 1250 ಎಂಬ ಪೂರ್ಣಾಂಕವೂ '1250' ಎಂಬ ಸ್ಟ್ರಿಂಗ್ ಕೂಡ ಪ್ರಿಂಟ್ ಮಾಡಿದಾಗ ಒಂದೇ ರೀತಿ ಕಾಣುತ್ತವೆ, ಮತ್ತು ಹುಡುಕಾಟದಲ್ಲಿ ಗಂಟೆಗಟ್ಟಲೆ ಹಾಳಾಗುವುದು ಇದರಿಂದಲೇ. ‘ರೆಪ್ರ್’ ಎಂಬ ಫಂಕ್ಷನ್ ಬಳಸಿದರೆ ಸ್ಟ್ರಿಂಗ್ ತನ್ನ ಉದ್ಧರಣ ಚಿಹ್ನೆಗಳೊಂದಿಗೆ ಕಾಣುತ್ತದೆ; ಹಿಂದೆ ಮುಂದೆ ಸೇರಿಕೊಂಡ ಖಾಲಿ ಜಾಗ, ಹೊಸ ಸಾಲಿನ ಗುರುತು, ಶೂನ್ಯ ಅಗಲದ ಗುರುತು ಇವೂ ಬಯಲಾಗುತ್ತವೆ. ಪೈಥಾನ್ 3.8ರಿಂದ ಎಫ್-ಸ್ಟ್ರಿಂಗ್‌ನ (ಮೌಲ್ಯಗಳನ್ನು ಒಳಗೇ ಸೇರಿಸಿ ಬರೆಯುವ ಸ್ಟ್ರಿಂಗ್‌ನ) ಪುಷ್ಪಾವರಣದೊಳಗೆ ಹೆಸರಿನ ನಂತರ ಒಂದು ಸಮ ಚಿಹ್ನೆ ಬರೆದರೆ ಹೆಸರೂ ರೆಪ್ರ್ ರೂಪದ ಮೌಲ್ಯವೂ ಒಟ್ಟಿಗೆ ಸಿಗುತ್ತವೆ. ತಾತ್ಕಾಲಿಕ ಪರೀಕ್ಷೆಗೆ ಇದಕ್ಕಿಂತ ಸುಲಭವಾದದ್ದು ಇಲ್ಲ.

ಮೂರನೆಯದೇ ಮುಖ್ಯವಾದದ್ದು. ಟ್ರೇಸ್‌ಬ್ಯಾಕ್ ಅನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ, ಪ್ರತಿ ಹಂತದಲ್ಲೂ ‘ಈ ಮೌಲ್ಯ ಈ ಫಂಕ್ಷನ್‌ನಲ್ಲಿ ಹುಟ್ಟಿತೋ, ಅಥವಾ ಹೊರಗಿನಿಂದ ಬಂದಿತೋ’ ಎಂದು ಕೇಳಬೇಕು. ಹೊರಗಿನಿಂದ ಬಂದಿದ್ದರೆ ಕರೆದ ಫಂಕ್ಷನ್‌ಗೆ ಹೋಗಬೇಕು. ‘ಬ್ರೇಕ್‌ಪಾಯಿಂಟ್’ ಎಂಬ ಕರೆಯನ್ನು ದೋಷದ ಸಾಲಿಗಿಂತ ಮುಂಚೆ ಇಟ್ಟರೆ ಪೈಥಾನ್‌ನದೇ ಡೀಬಗರ್ ತೆರೆದುಕೊಳ್ಳುತ್ತದೆ. ಅಲ್ಲಿ ‘ಅಪ್’ ಎಂಬ ಆಜ್ಞೆ ಒಂದೊಂದೇ ಹಂತ ಮೇಲಕ್ಕೆ ಕರೆದೊಯ್ಯುತ್ತದೆ. ಆದರೆ ನಮ್ಮ ಉದಾಹರಣೆಯಲ್ಲಿ ಇದರ ಮಿತಿಯೂ ಗೊತ್ತಾಗುತ್ತದೆ. ‘ಬಟವಾಡೆ’ ನಿಲ್ಲುವ ಹೊತ್ತಿಗೆ ‘ಕಡಿತ’ ಮುಗಿದುಹೋಗಿದೆ, ಆದ್ದರಿಂದ ಅದರ ಹೆಸರೇ ಟ್ರೇಸ್‌ಬ್ಯಾಕ್‌ನಲ್ಲಿ ಇಲ್ಲ. ಮೇಲಿನ ಹಂತಗಳಲ್ಲಿ ಮೌಲ್ಯದ ಮೂಲ ಸಿಗದಿದ್ದಾಗ, ಅದನ್ನು ಹಿಂದಿರುಗಿಸಿದ ಫಂಕ್ಷನ್ ಯಾವುದೆಂದು ಹುಡುಕಿ, ಆ ಫಂಕ್ಷನ್‌ನ ಮೊದಲ ಸಾಲಿನಲ್ಲಿ ಆರ್ಗ್ಯುಮೆಂಟ್‌ಗಳ ರೆಪ್ರ್ ನೋಡಬೇಕು. ಬೆಲೆಯ ಸುತ್ತ ಉದ್ಧರಣ ಚಿಹ್ನೆ ಕಂಡ ಕ್ಷಣ ದಾರಿ ನೇರವಾಗಿ ಸಿಎಸ್‌ವಿ ಓದುವ ಸಾಲಿಗೆ ಹೋಗುತ್ತದೆ.

ಬಗೆಯ ಸೂಚನೆ ತಪಾಸಣೆ ಅಲ್ಲ

‘ಬೆಲೆ ಪೂರ್ಣಾಂಕ’ ಎಂದು ಫಂಕ್ಷನ್‌ನ ತಲೆಸಾಲಿನಲ್ಲೇ ಬರೆದಿದ್ದೇನೆ, ಆದರೂ ಸ್ಟ್ರಿಂಗ್ ಹೇಗೆ ಒಳಗೆ ಬಂತು ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಆರ್ಗ್ಯುಮೆಂಟ್‌ನ ಪಕ್ಕದಲ್ಲಿ ಟಿಪ್ಪಣಿ ಬರೆಯುವ ಸೌಲಭ್ಯ ಪೈಥಾನ್ 3.0ರಿಂದಲೇ, ಅಂದರೆ 2008ರಿಂದ ಇದೆ. ಅದಕ್ಕೆ ‘ಬಗೆಯ ಸೂಚನೆ’ ಎಂಬ ನಿಶ್ಚಿತ ಅರ್ಥ ಬಂದದ್ದು 2015ರಲ್ಲಿ ಬಿಡುಗಡೆಯಾದ 3.5ರಲ್ಲಿ. ಆದರೆ ಈ ಸೂಚನೆಗಳನ್ನು ಸ್ಕ್ರಿಪ್ಟ್ ಓಡುವಾಗ ಪೈಥಾನ್ ಪರೀಕ್ಷಿಸುವುದಿಲ್ಲ. ಪೂರ್ಣಾಂಕ ಎಂದು ಸೂಚಿಸಿದ ಕಡೆ ಸ್ಟ್ರಿಂಗ್ ಕೊಟ್ಟರೂ ಫಂಕ್ಷನ್ ಸದ್ದಿಲ್ಲದೆ ಅದನ್ನು ಸ್ವೀಕರಿಸುತ್ತದೆ. ‘ಡೇಟಾಕ್ಲಾಸ್’ (ದತ್ತಾಂಶದ ಅಂಶಗಳನ್ನು ಒಟ್ಟಿಗೆ ಇಡುವ ಕ್ಲಾಸ್) ಬಳಸಿದರೂ ಇಷ್ಟೇ. ಅದರ ಪ್ರತಿ ಅಂಶಕ್ಕೂ ಬಗೆ ಬರೆಯುತ್ತೇವೆ, ಒಂದನ್ನೂ ಅದು ತಪಾಸಣೆ ಮಾಡುವುದಿಲ್ಲ.

ಸೂಚನೆಗಳನ್ನು ಓದಿ ತಪ್ಪು ಹೇಳುವುದು ‘ಮೈಪೈ’ಯಂಥ ಬೇರೆ ಸಾಧನಗಳ ಕೆಲಸ, ಮತ್ತು ಅವು ಕೆಲಸ ಮಾಡುವುದು ಸ್ಕ್ರಿಪ್ಟ್ ಓಡುವ ಮುಂಚೆ. ಮೈಪೈ ‘ಎಲ್ಲ ಸರಿ’ ಎಂದರೂ ದೋಷ ಉಳಿದಿದ್ದರೆ ಎರಡು ಕಾರಣಗಳನ್ನು ಮೊದಲು ನೋಡಿ. ಸೂಚನೆಯೇ ಇಲ್ಲದ ಫಂಕ್ಷನ್‌ನ ಒಳಭಾಗವನ್ನು ಮೈಪೈ ತನ್ನ ಸಾಮಾನ್ಯ ಹೊಂದಾಣಿಕೆಯಲ್ಲಿ ಪರೀಕ್ಷಿಸುವುದಿಲ್ಲ. ಇನ್ನೊಂದು, ಜೇಸನ್ ಫೈಲಿನಿಂದ ಓದಿದ ಮೌಲ್ಯ ‘ಎನಿ’ ಎಂಬ ಬಗೆಯದೆಂದು ಪರಿಗಣಿತವಾಗುತ್ತದೆ. ಅದನ್ನು ಯಾವ ಆರ್ಗ್ಯುಮೆಂಟ್‌ಗೆ ಕೊಟ್ಟರೂ ಮೈಪೈ ಆಕ್ಷೇಪಿಸುವುದಿಲ್ಲ. ಹೊರಗಿನಿಂದ ಬರುವ ದತ್ತಾಂಶದ ಎದುರು ಸೂಚನೆಗಳು ಸಾಲುವುದಿಲ್ಲ, ಅಲ್ಲಿ ಓಡುವಾಗಿನ ತಪಾಸಣೆಯೇ ಬೇಕು.

ತಪಾಸಣೆ ಬರೆಯುವಾಗ ಆಗುವ ತಪ್ಪುಗಳು

ಓಡುವಾಗ ಬಗೆ ನೋಡಲು ಬಳಸಬೇಕಾದದ್ದು ‘ಈಸ್‌ಇನ್‌ಸ್ಟನ್ಸ್’. ಮೌಲ್ಯದ ‘ಟೈಪ್’ ಪಡೆದು ಅದನ್ನು ‘ಇಂಟ್’ಗೆ ಸಮವೇ ಎಂದು ಹೋಲಿಸುವ ವಿಧಾನ ಉಪಬಗೆಗಳನ್ನೆಲ್ಲ ತಿರಸ್ಕರಿಸುತ್ತದೆ. ಹಾಗೆಂದು ಈಸ್‌ಇನ್‌ಸ್ಟನ್ಸ್ ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪೈಥಾನ್‌ನಲ್ಲಿ ‘ಬೂಲ್’ ಎಂಬುದು ‘ಇಂಟ್’ನ ಉಪಬಗೆ; ಆದ್ದರಿಂದ ‘ಟ್ರೂ’ ಎಂಬ ಮೌಲ್ಯ ಪೂರ್ಣಾಂಕದ ತಪಾಸಣೆಯಲ್ಲಿ ತೇರ್ಗಡೆಯಾಗಿ, ಗುಣಿಸುವಾಗ 1 ಆಗಿ ವರ್ತಿಸುತ್ತದೆ. ‘ಮೂಟೆ ಒಯ್ದಿದ್ದಾರೆಯೇ’ ಎಂಬ ಹೌದು-ಇಲ್ಲ ಮೌಲ್ಯ ‘ಎಷ್ಟು ಮೂಟೆ’ ಎಂಬ ಜಾಗಕ್ಕೆ ಬಂದರೆ ಮೂಟೆ ಒಯ್ದ ಎಲ್ಲರಿಗೂ ಒಂದೇ ಮೂಟೆಯ ಕಡಿತವಾಗುತ್ತದೆ, ಯಾವ ಸಂದೇಶವೂ ಬರುವುದಿಲ್ಲ. ಸಂಖ್ಯೆ ಎಣಿಸುವ ಆರ್ಗ್ಯುಮೆಂಟ್ ಆದರೆ ಬೂಲ್ ಅನ್ನು ಮೊದಲೇ ಹೊರಗಿಟ್ಟು, ಆಮೇಲೆ ಇಂಟ್ ನೋಡುವುದು ಒಳ್ಳೆಯದು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ, ಅದು ಸರಿಯಾದ ಮೌಲ್ಯವನ್ನು ಹೊರಗಟ್ಟುವುದು. ದರಕ್ಕೆ ‘ಫ್ಲೋಟ್’ ಮಾತ್ರ ಎಂದು ತಪಾಸಣೆ ಬರೆದರೆ 38.5 ಒಳಗೆ ಬರುತ್ತದೆ, 38 ಹೊರಗೆ ಉಳಿಯುತ್ತದೆ, ಏಕೆಂದರೆ ಓಡುವಾಗ ಇಂಟ್ ಎಂಬುದು ಫ್ಲೋಟ್‌ನ ಉಪಬಗೆ ಅಲ್ಲ. ಮೈಪೈ ಮಾತ್ರ ಫ್ಲೋಟ್ ಇರುವಲ್ಲಿ ಇಂಟ್ ಅನ್ನು ಒಪ್ಪುತ್ತದೆ. ಎರಡರ ನಡತೆ ಬೇರೆಯಾದ್ದರಿಂದ ಗೊಂದಲ ಹೆಚ್ಚು. ಎರಡೂ ಬಗೆಗಳನ್ನು ಟ್ಯೂಪಲ್ (ಬದಲಾಗದ ಪಟ್ಟಿ) ಆಗಿ ಈಸ್‌ಇನ್‌ಸ್ಟನ್ಸ್‌ಗೆ ಕೊಟ್ಟರೆ ಸಾಕು. ನಮ್‌ಪೈ ಎಂಬ ಗಣಿತದ ಲೈಬ್ರರಿ ಬಳಸುವವರಿಗೆ ಇನ್ನೊಂದು ಮಾತು: ನಮ್‌ಪೈನ 64 ಬಿಟ್ ಪೂರ್ಣಾಂಕ ಪೈಥಾನ್‌ನ ‘ಇಂಟ್’ ಅಲ್ಲ, ಆದರೆ ‘ನಂಬರ್ಸ್’ ಮಾಡ್ಯೂಲ್‌ನ ‘ಇಂಟಿಗ್ರಲ್’ ಎಂಬ ಸಾಮಾನ್ಯ ಬಗೆಗೆ ಅದೂ ಸೇರುತ್ತದೆ.

ಪಟ್ಟಿ ಬೇಕಾದಲ್ಲಿ ಸ್ಟ್ರಿಂಗ್ ಬರುವ ದೋಷವನ್ನು ಕನ್ನಡದ ದತ್ತಾಂಶದಲ್ಲಿ ಒಂದೇ ನೋಟಕ್ಕೆ ಗುರುತಿಸಬಹುದು. ಸದಸ್ಯರ ಹೆಸರುಗಳ ಲಿಸ್ಟ್ ಪಡೆದು ಒಬ್ಬೊಬ್ಬರಿಗೂ ಚೀಟಿ ಮುದ್ರಿಸುವ ಫಂಕ್ಷನ್‌ಗೆ 'ಗಿರಿಜಾ' ಎಂಬ ಒಂದೇ ಸ್ಟ್ರಿಂಗ್ ಕೊಟ್ಟರೆ ಅದು ನಿಲ್ಲುವುದಿಲ್ಲ. ಸ್ಟ್ರಿಂಗ್ ಕೂಡ ಒಂದೊಂದಾಗಿ ಬಿಡಿಸಬಹುದಾದ ಸರಣಿಯೇ ಆದ್ದರಿಂದ ಆರು ಚೀಟಿಗಳು ಬರುತ್ತವೆ: ನಾವು ಮೂರು ಅಕ್ಷರ ಎಂದು ಓದುವ ಹೆಸರು ಯೂನಿಕೋಡ್‌ನಲ್ಲಿ ಮೂರು ವ್ಯಂಜನ ಮತ್ತು ಮೂರು ಸ್ವರಚಿಹ್ನೆಗಳಾಗಿ ಇರುತ್ತದೆ. ಗುಡಿಸು, ದೀರ್ಘಗಳು ಚುಕ್ಕಿ ವೃತ್ತದ ಮೇಲೆ ಒಂಟಿಯಾಗಿ ಕಂಡರೆ ಫಾಂಟ್ ಅನ್ನು ದೂರುವ ಮುಂಚೆ ಆರ್ಗ್ಯುಮೆಂಟ್‌ನ ಬಗೆ ನೋಡಬೇಕು. ಒಂದೇ ಹೆಸರಿನ ಟ್ಯೂಪಲ್ ಬರೆಯುವಾಗ ಕೊನೆಯ ಅಲ್ಪವಿರಾಮ ಬಿಟ್ಟುಹೋಗುವುದು ಇದರ ಸಾಮಾನ್ಯ ಕಾರಣ. ಅಲ್ಪವಿರಾಮವಿಲ್ಲದ ಆವರಣ ಟ್ಯೂಪಲ್ ಆಗುವುದಿಲ್ಲ. ಇಂಥ ಫಂಕ್ಷನ್‌ನಲ್ಲಿ ‘ಲಿಸ್ಟ್ ಹೌದೇ’ ಎಂದು ಕೇಳುವುದಕ್ಕಿಂತ ‘ಸ್ಟ್ರಿಂಗ್ ಅಲ್ಲ ತಾನೇ’ ಎಂದು ಕೇಳುವುದು ವಾಸಿ, ಆಗ ಟ್ಯೂಪಲ್, ಸೆಟ್ ಮುಂತಾದವುಗಳಿಗೂ ಅವಕಾಶ ಉಳಿಯುತ್ತದೆ. ಲಿಸ್ಟ್‌ನೊಳಗೆ ಪೂರ್ಣಾಂಕಗಳೇ ಇವೆಯೇ ಎಂದು ಈಸ್‌ಇನ್‌ಸ್ಟನ್ಸ್‌ಗೆ ಒಂದೇ ಏಟಿಗೆ ಕೇಳಲು ಬರುವುದಿಲ್ಲ. ಹಾಗೆ ಕೇಳಿದರೆ ಅದೇ ಟೈಪ್‌ಎರರ್ ಎಬ್ಬಿಸುತ್ತದೆ, ಆದ್ದರಿಂದ ಅಂಶಗಳನ್ನು ಒಂದೊಂದಾಗಿಯೇ ನೋಡಬೇಕು.

ತಪಾಸಣೆಗೆ ‘ಅಸರ್ಟ್’ (ಷರತ್ತು ಸುಳ್ಳಾದರೆ ದೋಷ ಎಬ್ಬಿಸುವ ಸಾಲು) ಬಳಸಬೇಡಿ. ಪೈಥಾನ್ ಅನ್ನು ‘-ಓ’ ಆಯ್ಕೆಯೊಂದಿಗೆ ಓಡಿಸಿದರೆ ಎಲ್ಲ ಅಸರ್ಟ್ ಸಾಲುಗಳೂ ಇಲ್ಲವಾಗುತ್ತವೆ, ಮತ್ತು ಹಾಗೆ ಓಡಿಸುವವರು ನೀವೇ ಆಗಿರಬೇಕೆಂದಿಲ್ಲ. ಬಗೆ ತಪ್ಪಿದ್ದರೆ ಟೈಪ್‌ಎರರ್, ಬಗೆ ಸರಿಯಿದ್ದು ಮೌಲ್ಯ ತಪ್ಪಿದ್ದರೆ ವ್ಯಾಲ್ಯೂಎರರ್ ಎಬ್ಬಿಸಿ. ಸಂದೇಶದಲ್ಲಿ ಆರ್ಗ್ಯುಮೆಂಟ್‌ನ ಹೆಸರು, ಬಂದ ಬಗೆ, ರೆಪ್ರ್ ರೂಪದ ಮೌಲ್ಯ ಮೂರೂ ಇರಲಿ. ‘ಬೆಲೆ ಸಂಖ್ಯೆಯಾಗಿರಬೇಕು, ಬಂದದ್ದು ಸ್ಟ್ರ್: '1250'’ ಎಂಬ ಒಂದು ಸಾಲು ಮುಂದೆ ಈ ಕೆಲಸ ಹಿಡಿಯುವವರ ಅರ್ಧ ದಿನವನ್ನು ಉಳಿಸುತ್ತದೆ.

ಬಗೆಯ ತಪಾಸಣೆಗೆ ಎಂದೂ ಸಿಗದ ದೋಷವೂ ಒಂದಿದೆ. ಬೆಲೆ ಮತ್ತು ಸಂಖ್ಯೆ ಅದಲುಬದಲಾದರೆ ಎರಡೂ ಪೂರ್ಣಾಂಕಗಳೇ. ಗುಣಾಕಾರದಲ್ಲಿ ಪರವಾಗಿಲ್ಲ, ಭಾಗಾಕಾರದಲ್ಲಿ ಲೆಕ್ಕ ಕೆಡುತ್ತದೆ. ತಲೆಸಾಲಿನಲ್ಲಿ ಆರ್ಗ್ಯುಮೆಂಟ್‌ಗಳ ಮುಂಚೆ ಒಂದು ನಕ್ಷತ್ರ ಚಿಹ್ನೆ ಇಟ್ಟರೆ, ಕರೆಯುವವರು ಹೆಸರು ಹೇಳಿಯೇ ಮೌಲ್ಯ ಕೊಡಬೇಕಾಗುತ್ತದೆ.

ತಪಾಸಣೆ ಇರಬೇಕಾದ ಜಾಗ

ಪ್ರತಿ ಫಂಕ್ಷನ್‌ನ ತಲೆಯಲ್ಲೂ ತಪಾಸಣೆ ಬರೆಯುವುದನ್ನು ನಾನು ಸಲಹೆ ಮಾಡುವುದಿಲ್ಲ. ಹತ್ತು ಫಂಕ್ಷನ್‌ಗಳಲ್ಲಿ ಒಂದೇ ಪ್ರಶ್ನೆ ಕೇಳಿದರೆ ನಿಜವಾದ ಲೆಕ್ಕ ತಪಾಸಣೆಯ ಸಾಲುಗಳ ನಡುವೆ ಹೂತುಹೋಗುತ್ತದೆ. ದತ್ತಾಂಶ ಒಳಗೆ ಬರುವ ಜಾಗ, ಅಂದರೆ ಸಿಎಸ್‌ವಿ ಓದುವ ಫಂಕ್ಷನ್, ಅಲ್ಲೇ ಪ್ರತಿ ಅಂಕಣವನ್ನೂ ಅದರ ಸರಿಯಾದ ಬಗೆಗೆ ಪರಿವರ್ತಿಸಿ, ಆಗದಿದ್ದರೆ ಸಾಲಿನ ಸಂಖ್ಯೆಯೊಂದಿಗೆ ತಿರಸ್ಕರಿಸಬೇಕು. ಅಲ್ಲಿಂದ ಒಳಕ್ಕೆ ಸ್ಟ್ರಿಂಗ್ ರೂಪದ ಬೆಲೆ ಹೋಗಲೇಬಾರದು. ಹಣಕ್ಕೆ ಫ್ಲೋಟ್ ಬದಲು ‘ಡೆಸಿಮಲ್’ (ದಶಮಾಂಶವನ್ನು ಬರೆದಂತೆಯೇ ಇಡುವ ಬಗೆ) ಬಳಸುವುದಾದರೆ ಪರಿವರ್ತನೆ ನೇರವಾಗಿ ಸ್ಟ್ರಿಂಗ್‌ನಿಂದ ಆಗಲಿ, ಫ್ಲೋಟ್‌ನಿಂದ ಹೋದರೆ ಅದರ ಅಂದಾಜಿನ ಬಾಲವೂ ಜೊತೆಗೆ ಬರುತ್ತದೆ. ಡೆಸಿಮಲ್ ಮತ್ತು ಫ್ಲೋಟ್ ಒಂದನ್ನೊಂದು ಗುಣಿಸಲಾರವಾದ್ದರಿಂದ ಹಾಲಿನ ದರವನ್ನೂ ಅದೇ ಬಗೆಗೆ ತರಬೇಕು. ಪಿಡಾಂಟಿಕ್ ಎಂಬ ದತ್ತಾಂಶ ತಪಾಸಣೆಯ ಲೈಬ್ರರಿ ಬಳಸುವವರು ನೆನಪಿಡಬೇಕಾದದ್ದು, ಅದು ಸಾಮಾನ್ಯ ಹೊಂದಾಣಿಕೆಯಲ್ಲಿ '1250' ಎಂಬ ಸ್ಟ್ರಿಂಗ್ ಅನ್ನು ತಾನೇ ಪೂರ್ಣಾಂಕ ಮಾಡಿಕೊಳ್ಳುತ್ತದೆ. ತಿರಸ್ಕರಿಸಬೇಕೆಂದರೆ ‘ಸ್ಟ್ರಿಕ್ಟ್’ ಎಂದು ಹೇಳಬೇಕು.

ಪರಿವರ್ತನೆಯಲ್ಲಿ ಕನ್ನಡದ ಅಂಕಿಗಳ ವಿಷಯವನ್ನು ವಿವರವಾಗಿಯೇ ಹೇಳಬೇಕು. ಪೈಥಾನ್‌ನ ‘ಇಂಟ್’ ಯೂನಿಕೋಡ್‌ನ ಎಲ್ಲ ದಶಮಾನ ಅಂಕಿಗಳನ್ನೂ ಒಪ್ಪುತ್ತದೆ. '೧೨೫೦' ಕೊಟ್ಟರೆ 1250 ಸಿಗುತ್ತದೆ. ಇದು ನಮಗೆ ಅನುಕೂಲವೇ. ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ಪರಿವರ್ತನೆ ‘ಸಂಖ್ಯೆಯಲ್ಲ’ ಎಂಬ ಉತ್ತರ ಕೊಡುತ್ತದೆ. ಆದರೆ ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಆದ್ದರಿಂದ, ದತ್ತಾಂಶ ತುಂಬುವವರು ಸೊನ್ನೆಯ ಬದಲು ಅನುಸ್ವಾರ ಒತ್ತಿಬಿಡುವುದುಂಟು. ಆಗ ವ್ಯಾಲ್ಯೂಎರರ್ ಬರುತ್ತದೆ, ಮತ್ತು ಸಂದೇಶದಲ್ಲಿ ಕಾಣುವ ಸಂಖ್ಯೆ ಕಣ್ಣಿಗೆ ಪೂರ್ತಿ ಸರಿಯಾಗಿ ತೋರುತ್ತದೆ. ಎರಡೂ ಮುದ್ರಣವಾಗುವ ಅಕ್ಷರಗಳಾದ್ದರಿಂದ ರೆಪ್ರ್ ಕೂಡ ಇಲ್ಲಿ ನೆರವಾಗುವುದಿಲ್ಲ. ‘ಆಸ್ಕಿ’ ಎಂಬ ಫಂಕ್ಷನ್‌ನಿಂದ ಆ ಸ್ಟ್ರಿಂಗ್ ಅನ್ನು ನೋಡಿದರೆ ಪ್ರತಿ ಅಕ್ಷರದ ಯೂನಿಕೋಡ್ ಸಂಕೇತ ಕಾಣುತ್ತದೆ: ಕೊನೆಯದು 0ಸಿಇ6 ಆಗಿದ್ದರೆ ಸೊನ್ನೆ, 0ಸಿ82 ಆಗಿದ್ದರೆ ಅನುಸ್ವಾರ. ಅಂಕಿಗಳೇ ಇವೆಯೇ ಎಂದು ಮೊದಲೇ ಕೇಳುವುದಾದರೆ ‘ಈಸ್‌ಡಿಜಿಟ್’ ಬಿಟ್ಟು ‘ಈಸ್‌ಡೆಸಿಮಲ್’ ಬಳಸಿ, ಏಕೆಂದರೆ ಮೊದಲನೆಯದು ವರ್ಗದ ಗುರುತಾದ ಪುಟ್ಟ ಎರಡನ್ನೂ ಅಂಕಿಯೆಂದು ಒಪ್ಪುತ್ತದೆ, ಇಂಟ್ ಅದನ್ನು ಒಪ್ಪುವುದಿಲ್ಲ. '1,250' ಎಂಬಲ್ಲಿನ ಅಲ್ಪವಿರಾಮ, ರೂಪಾಯಿ ಚಿಹ್ನೆ, '1250.00' ಎಂಬ ದಶಮಾಂಶ ರೂಪ ಇವನ್ನೂ ಇಂಟ್ ತಿರಸ್ಕರಿಸುತ್ತದೆ. ಮೊದಲೆರಡನ್ನು ತೆಗೆದು, ಮೂರನೆಯದನ್ನು ಡೆಸಿಮಲ್ ಮೂಲಕ ಓದಬೇಕು.

ದುರಸ್ತಿಯ ನಂತರ

‘ಬಟವಾಡೆ’ಯಲ್ಲಿ ಅವಸರದಲ್ಲಿ ಹಾಕಿದ ಫ್ಲೋಟ್ ಪರಿವರ್ತನೆಯನ್ನು ಮರೆಯದೆ ತೆಗೆಯಿರಿ, ಅದು ಉಳಿದರೆ ಮುಂದಿನ ಇಂಥ ದೋಷವನ್ನೂ ಮುಚ್ಚಿಡುತ್ತದೆ. ಪರೀಕ್ಷೆಯ ಫೈಲಿನಲ್ಲಿ ಒಂದು ಮೂಟೆಯ ಸಾಲು ಮಾತ್ರ ಇದ್ದರೆ ಏನೂ ಸಾಬೀತಾಗುವುದಿಲ್ಲ. ಎರಡು ಮೂಟೆಯದು, ಮೂಟೆಯೇ ಇಲ್ಲದ್ದು, ಬೆಲೆಯ ಮನೆ ಖಾಲಿ ಇರುವುದು, ಅಲ್ಪವಿರಾಮ ಇರುವುದು, ಕನ್ನಡ ಅಂಕಿಯದು, ಅನುಸ್ವಾರ ಸೇರಿದ್ದು ಎಂದು ಕನಿಷ್ಠ ಇಷ್ಟು ಸಾಲುಗಳಿರಲಿ. ತಪ್ಪು ಪರಿವರ್ತನೆ ಜಾರಿಯಲ್ಲಿದ್ದ ದಿನಗಳ ಬಟವಾಡೆಗಳಲ್ಲಿ ಒಂದಕ್ಕಿಂತ ಹೆಚ್ಚು ಮೂಟೆ ಒಯ್ದ ಸದಸ್ಯರ ಸಾಲುಗಳನ್ನೆಲ್ಲ ಬೇರೆ ತೆಗೆದು, ಹೊಸ ಸ್ಕ್ರಿಪ್ಟ್‌ನಲ್ಲಿ ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸವಿದ್ದಲ್ಲಿ ಸದಸ್ಯರಿಗೆ ತಿಳಿಸಿ ಸರಿಪಡಿಸಬೇಕು.